ಕ್ಲಿಯರೆನ್ಸ್ ಹೈಟ್ 50 ಕೊಟ್ಟಿದ್ರೂ ಟೂಲ್ ಹೋಗಿ ಕ್ಲಾಂಪ್‌ಗೆ ಹೊಡೀತು, ಹೈಟ್ಸ್ ನೀವೆಲ್ಲ ಹೇಗೆ ಸೆಟ್ ಮಾಡ್ತೀರ?

ಪೀಣ್ಯ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ನಾನು ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಜಾಬ್ ಶಾಪಲ್ಲಿ ಇದೀನಿ. ನಾಲ್ಕು ವರ್ಷ ವಿಎಂಸಿ (ಪ್ರೋಗ್ರಾಮ್ ಹಾಕಿ ಓಡಿಸೋ ಮಿಲ್ಲಿಂಗ್ ಮಷೀನ್) ಆಪರೇಟರ್ ಆಗಿದ್ದೆ, ಆರು ತಿಂಗಳಿಂದ ಪ್ರೋಗ್ರಾಮಿಂಗೂ ನನ್ ತಲೆಗೇ ಕಟ್ಟಿದಾರೆ, ಫ್ಯೂಷನ್ 360 ಅನ್ನೋ ಕ್ಯಾಮ್ ಸಾಫ್ಟ್‌ವೇರಲ್ಲಿ (ಡ್ರಾಯಿಂಗಿಂದ ಮಷೀನ್ ಪ್ರೋಗ್ರಾಮ್ ಮಾಡೋದು) ಮಾಡ್ತೀನಿ, ಯಾರೂ ಪಕ್ಕದಲ್ಲಿ ಕೂತು ಹೇಳ್ಕೊಟ್ಟಿದ್ದಲ್ಲ, ವಿಡಿಯೋ ನೋಡ್ಕೊಂಡು ಕಲ್ತಿದ್ದು.

ಹೋದ ವಾರ ಒಂದು ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಬಂತು, 300 ಬೈ 120, ದಪ್ಪ 25, ಎರಡೂ ಕಡೆ ಫೇಸ್ ಆಗೇ (ಮೈ ಸಮ ಮಾಡೇ) ಬಂದಿತ್ತು. ಎರಡು ಉದ್ದನೆ ಅಂಚಲ್ಲೂ ಆರಾರು ಸ್ಲಾಟ್, ಆಳ 10, 12 ಎಂಎಂ ಕಾರ್ಬೈಡ್ ಎಂಡ್ ಮಿಲ್‌ನಲ್ಲಿ ಎರಡೆರಡು ಎಂಎಂ ಇಳಿಸ್ಕೊಂಡು ಹೋಗೋದು. ವೈಸಲ್ಲಿ ಹಿಡಿಯಕ್ಕಾಗಲ್ಲ ಅಂತ ಟೇಬಲ್ ಮೇಲೆ ಪ್ಯಾರಲಲ್ ಇಟ್ಟು ಎರಡೂ ಅಂಚಿನ ಮಧ್ಯದಲ್ಲಿ ಒಂದೊಂದು ಸ್ಟ್ರಾಪ್ ಕ್ಲಾಂಪ್ (ಸ್ಟಡ್, ನಟ್ ಹಾಕಿ ಬಿಗಿಯೋ ಪಟ್ಟಿ) ಹಾಕಿದ್ದೆ, ಅಂದ್ರೆ ಕ್ಲಾಂಪಿನ ಆ ಕಡೆ ಮೂರು ಸ್ಲಾಟು ಈ ಕಡೆ ಮೂರು. ಝಡ್ ಜೀರೋ (ಎತ್ತರ ಅಳೆಯೋ ಸೊನ್ನೆ) ಪ್ಲೇಟಿನ ಟಾಪ್. ಕ್ಲಿಯರೆನ್ಸ್ ಹೈಟ್ 50 ಅಂತ ಹಾಕಿದ್ದೆ, ಬೇರೆ ಎಲ್ಲ ಸಾಫ್ಟ್‌ವೇರ್ ಏನು ಕೊಟ್ಟಿತ್ತೋ ಅದೇ ಬಿಟ್ಟಿದ್ದೆ. ಆಮೇಲೆ ಅಳೆದು ನೋಡಿದ್ರೆ ಕ್ಲಾಂಪಿನ ಸ್ಟಡ್ ತುದಿ ಪ್ಲೇಟಿಂದ 38 ಮೇಲಿದೆ. 50ರಲ್ಲಿ 38 ಹೋದ್ರೆ 12 ಎಂಎಂ ಗ್ಯಾಪ್ ಇರ್ಬೇಕು ತಾನೆ?

ಮೊದಲ ಮೂರು ಸ್ಲಾಟ್ ಚೆನ್ನಾಗೇ ಹೋಯ್ತು. ಅದನ್ನ ನೋಡಿ ರ್‍ಯಾಪಿಡ್ (ಟೂಲ್ ಗಾಳಿಲಿ ಓಡೋ ವೇಗ) 25 ಪರ್ಸೆಂಟಲ್ಲಿದ್ದದ್ದನ್ನ 100ಕ್ಕೆ ತಿರುಗಿಸ್ದೆ (ಗೊತ್ತು, ಬೈಬೇಡಿ, ಆಗಲೇ ಬೈಸ್ಕೊಂಡಿದೀನಿ). ನಾಲ್ಕನೇದಕ್ಕೆ ಹೋಗುವಾಗ ಟಣ್ ಅಂತ ಒಂದೇ ಶಬ್ದ. ಕಟ್ಟರ್ ಶ್ಯಾಂಕ್ ಹತ್ರ ಮುರಿದು ಡೋರ್ ಗ್ಲಾಸ್‌ಗೆ ಬಂದು ಬಡೀತು, ಸ್ಟಡ್ ಬಾಳೆ ಗೊನೆ ತರ ಬಗ್ಗಿ ನಿಂತಿತ್ತು. ಸ್ಪಿಂಡಲ್‌ಗೆ ಟೆಸ್ಟ್ ಬಾರ್ ಹಾಕಿ ಡಯಲ್ ಇಟ್ಟು ನೋಡಿದ್ರು, ಪುಣ್ಯಕ್ಕೆ ರನ್‌ಔಟ್ (ತಿರುಗುವಾಗ ಓಲಾಟ) ಬಂದಿಲ್ಲ. ಸಿಮ್ಯುಲೇಷನ್‌ನಲ್ಲಿ ಒಂದು ಕೆಂಪು ಗೆರೆ ಕೂಡ ತೋರ್ಸಿರ್ಲಿಲ್ಲ, ಅದೇ ನನಗೆ ಉರಿ.

ಆಮೇಲೆ ಭಯಕ್ಕೆ ಏನು ಮಾಡ್ದೆ ಅಂದ್ರೆ ಕ್ಲಿಯರೆನ್ಸ್ 100, ರಿಟ್ರಾಕ್ಟ್ 100, ಫೀಡ್ ಹೈಟ್ 25. ಈಗ ಹೊಡಿಯಲ್ಲ, ಆದ್ರೆ 11 ನಿಮಿಷ ಇದ್ದ ಸೈಕಲ್ 15ವರೆ ಆಗಿದೆ. ಓನರ್ ಬಂದು ಸ್ಟಾಪ್‌ವಾಚ್ ಹಿಡ್ಕೊಂಡು ನಿಂತ್ಕೋತಾರೆ, "ಟೂಲ್ ಗಾಳಿಲಿ ಏನಪ್ಪಾ ಮಾಡ್ತಿದೆ" ಅಂತ. 80 ಪೀಸ್ ಇದೆ ಇನ್ನೂ. ಈ ಕ್ಲಿಯರೆನ್ಸ್, ರಿಟ್ರಾಕ್ಟ್, ಫೀಡ್, ಟಾಪ್, ಬಾಟಮ್ ಅಂತ ಐದು ಯಾಕೆ, ಯಾವುದು ಎಷ್ಟು ಕೊಡ್ತೀರ, ದಯವಿಟ್ಟು ಶಾಪ್ ಭಾಷೇಲಿ ಹೇಳಿ.

ಝಡ್_ಜೀರೋ

ನಿಮ್ಮ 50 ಎಂಎಂ ಕೆಲಸ ಮಾಡಿದೆ, ಆದ್ರೆ ನೀವು ಅಂದ್ಕೊಂಡಿರೋ ಜಾಗದಲ್ಲಿ ಅಲ್ಲ. ಕ್ಲಿಯರೆನ್ಸ್ ಹೈಟ್ ಅನ್ನೋದು ಒಂದು ಆಪರೇಷನ್ ಶುರುವಾಗೋವಾಗ ಟೂಲ್ ಮೊದಲು ಬಂದು ನಿಲ್ಲೋ ಎತ್ತರ, ಆಪರೇಷನ್ ಮುಗಿದ ಮೇಲೆ ಎದ್ದು ಹೋಗೋ ಎತ್ತರ, ಅಷ್ಟೇ. ಅದರ ಮಧ್ಯೆ ಒಂದು ಸ್ಲಾಟಿಂದ ಇನ್ನೊಂದಕ್ಕೆ ಹೋಗುವಾಗ ಟೂಲ್ ಏಳೋದು ರಿಟ್ರಾಕ್ಟ್ ಹೈಟ್‌ವರೆಗೆ ಮಾತ್ರ. ಅದು ನೀವು ಮುಟ್ಟಿಲ್ಲ ಅಂದ್ರೆ ಫ್ಯೂಷನ್ ಡೀಫಾಲ್ಟ್ ಸ್ಟಾಕ್ (ಕಟ್ ಮಾಡೋ ಮುಂಚಿನ ತುಂಡು) ಟಾಪಿಂದ 5 ಎಂಎಂ. ನಿಮ್ಮ ಪ್ಲೇಟ್ ಫೇಸ್ ಆಗೇ ಬಂದಿದೆ, ಸ್ಟಾಕ್ ಟಾಪೇ ಝಡ್ ಜೀರೋ, ಅಂದ್ರೆ ಕಟ್ಟರ್ ಝಡ್ 5ರಲ್ಲಿ ಓಡ್ತಿತ್ತು, ಸ್ಟಡ್ 38ರಲ್ಲಿ ನಿಂತಿತ್ತು. ಹೊಡೀದೆ ಏನಾಗತ್ತೆ.

ಹನ್ನೆರಡೂ ಸ್ಲಾಟ್ ಒಂದೇ ಆಪರೇಷನ್‌ನಲ್ಲಿ ಸೆಲೆಕ್ಟ್ ಮಾಡಿರ್ತೀರ, ಅದಕ್ಕೇ ನಡುವೆ ಕ್ಲಿಯರೆನ್ಸ್‌ಗೆ ಏಳೋ ಪ್ರಶ್ನೆನೇ ಬರಲ್ಲ. ಈ ತಪ್ಪು ನಾನೂ ಮಾಡಿದೀನಿ, ಹೊಸಬರು ಮುಕ್ಕಾಲು ಪಾಲು ಮಾಡೋದು ಇದೇ. ಹೆಸರೇ ಹಾಗಿದೆ, ಕ್ಲಿಯರೆನ್ಸ್ ಅಂದ ತಕ್ಷಣ ಎಲ್ಲಾ ಕಡೆ ಕ್ಲಿಯರ್ ಆಗಿರತ್ತೆ ಅಂತ ಮನಸ್ಸಿಗೆ ಬರತ್ತೆ.

ಸಿಮ್ಯುಲೇಷನ್ ವಿಷಯ. ಅದಕ್ಕೆ ಕ್ಲಾಂಪ್ ಇದೆ ಅಂತ ಗೊತ್ತೇ ಇಲ್ಲವಲ್ಲ! ಅದರ ಕಣ್ಣಿಗೆ ಪ್ಲೇಟು, ಸ್ಟಾಕು, ಟೂಲು ಮೂರೇ. ಕ್ಲಾಂಪನ್ನ ಅಂದವಾಗಿ ಮಾಡೆಲ್ ಮಾಡ್ಬೇಕಾಗಿಲ್ಲ, ಒಂದು ಡಬ್ಬ ಎಳೆದು ಅದರ ಮೇಲೆ ಒಂದು ಸಿಲಿಂಡರ್ ನಿಲ್ಸಿ, ಸೆಟಪ್‌ನಲ್ಲಿ ಫಿಕ್ಸ್ಚರ್ ಅಂತ ಟಿಕ್ ಮಾಡಿ ಆ ಬಾಡಿ ಸೆಲೆಕ್ಟ್ ಮಾಡಿ. ಹತ್ತು ನಿಮಿಷದ ಕೆಲಸ. ಆಮೇಲೆ ಸಿಮ್ಯುಲೇಷನ್ ಓಡ್ಸಿ ನೋಡಿ, ನಾಲ್ಕನೇ ಸ್ಲಾಟ್‌ಗೆ ಹೋಗುವಾಗ ಕೆಳಗಿನ ಪಟ್ಟೀಲಿ ಕೆಂಪು ಬರತ್ತೆ. ಹೋಲ್ಡರ್ (ಟೂಲ್ ಹಿಡಿಯೋ ಭಾಗ) ಕೂಡ ಟೂಲ್ ಲೈಬ್ರರಿಲಿ ನಿಜವಾದದ್ದೇ ಇರ್ಲಿ, ಅದು ಇನ್ನೊಂದು ಕಥೆ, ಕೆಳಗೆ ಬರ್ತೀನಿ.

ಈಗ ನಿಮ್ಮ ಓನರ್ ಕೇಳಿದ್ದು, ಗಾಳಿಲಿ ಏನ್ ಮಾಡ್ತಿದೆ ಅಂತ. ಲೆಕ್ಕ ಹಾಕೋಣ. 12 ಸ್ಲಾಟ್, ಒಂದೊಂದಕ್ಕೆ 5 ಪಾಸು, ಒಟ್ಟು 60 ಸಲ ಟೂಲ್ ಕೆಳಗೆ ಇಳೀತಿದೆ. ರಿಟ್ರಾಕ್ಟ್ 5ರಿಂದ 100 ಮಾಡಿದ್ರಿ, ಸಲಕ್ಕೆ 95 ಹತ್ತೋದು 95 ಇಳಿಯೋದು, 60 ಸಲಕ್ಕೆ 11.4 ಮೀಟರ್. ನಿಮ್ಮ ಮಷೀನ್ ರ್‍ಯಾಪಿಡ್ ನಿಮಿಷಕ್ಕೆ 24 ಮೀಟರ್ ಅಂತ ಹಿಡಿದ್ರೆ ಅರ್ಧ ನಿಮಿಷ ಕೂಡ ಇಲ್ಲ, ವೇಗ ಏರೋದು ಇಳಿಯೋದು ಸೇರ್ಸಿದ್ರೂ ಅಷ್ಟೇನೂ ಅಲ್ಲ. ಆದ್ರೆ ಫೀಡ್ ಹೈಟ್ 5ರಿಂದ 25 ಮಾಡಿದ್ರಲ್ಲ, ಅಲ್ಲಿ ನೋಡಿ. ಫೀಡ್ ಹೈಟ್ ಅಂದ್ರೆ ರ್‍ಯಾಪಿಡ್ ನಿಂತು ಪ್ಲಂಜ್ ಫೀಡ್ (ಟೂಲ್ ನಿಧಾನಕ್ಕೆ ಕೆಳಗಿಳಿಯೋ ವೇಗ) ಶುರುವಾಗೋ ಜಾಗ. ಪ್ಲಂಜ್ ನಿಮಿಷಕ್ಕೆ 300 ಎಂಎಂ ಇಟ್ಟಿದ್ರೆ ಆ ಹೆಚ್ಚುವರಿ 20 ಎಂಎಂಗೆ 4 ಸೆಕೆಂಡು, 60 ಸಲಕ್ಕೆ 4 ನಿಮಿಷ! ನಿಮ್ಮ ನಾಲ್ಕೂವರೆ ನಿಮಿಷದಲ್ಲಿ ನಾಲ್ಕು ನಿಮಿಷ ತಿಂದಿರೋದು ಫೀಡ್ ಹೈಟು, ಬೈಸ್ಕೋತಿರೋದು ರಿಟ್ರಾಕ್ಟು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದಂಗಾಯ್ತು.

ಅದಕ್ಕೇ ನಾನು ರಿಟ್ರಾಕ್ಟ್ ವಿಷಯದಲ್ಲಿ ಜಿಪುಣತನ ಮಾಡಲ್ಲ, ಜಿಪುಣತನ ಎಲ್ಲ ಫೀಡ್ ಹೈಟ್‌ನಲ್ಲಿ. ಫೇಸ್ ಆಗಿರೋ ಮೈ ಮೇಲೆ 2 ಎಂಎಂ ಸಾಕು. ರಿಟ್ರಾಕ್ಟ್ ಮಾತ್ರ ಅತೀ ಎತ್ತರದ ಕ್ಲಾಂಪಿಗಿಂತ 5 ಮೇಲೆ.

ಇನ್ನೊಂದು, ನಂಬರ್‌ಗಿಂತ ಮುಖ್ಯ ಅದು ಯಾವುದರಿಂದ ಅಳೀತಿದೆ ಅನ್ನೋದು. ಪಕ್ಕದಲ್ಲಿ "ಫ್ರಂ" ಅಂತ ಒಂದು ಡ್ರಾಪ್‌ಡೌನ್ ಇರತ್ತಲ್ಲ, ಸ್ಟಾಕ್ ಟಾಪ್, ಮಾಡೆಲ್ ಟಾಪ್, ಆರಿಜಿನ್, ಸೆಲೆಕ್ಷನ್ ಅಂತ. ಬ್ಯಾಂಡ್ ಸಾದಲ್ಲಿ ಕಟ್ ಮಾಡಿದ ಕಚ್ಚಾ ಬ್ಲಾಕ್ ಬಂದಾಗ ಮಾಡೆಲ್ ಟಾಪಿಂದ 2 ಎಂಎಂ ಅಂತ ಫೀಡ್ ಹೈಟ್ ಕೊಟ್ರೆ, ಮೇಲೆ 3 ಎಂಎಂ ಫೇಸಿಂಗ್ ಅಲೋಯನ್ಸ್ ಇದ್ರೆ, ಟೂಲ್ ರ್‍ಯಾಪಿಡ್‌ನಲ್ಲಿ 1 ಎಂಎಂ ಲೋಹದ ಒಳಗೆ ಇಳಿದಿರತ್ತೆ. ಉಲ್ಟಾ ಕೇಸೂ ಇದೆ, ಫೇಸಿಂಗ್ ಮುಗಿದ ಮೇಲೂ ಸ್ಟಾಕ್ ಟಾಪ್ ಅಂದ್ರೆ ಸೆಟಪ್‌ನಲ್ಲಿ ಹೇಳಿದ ಹಳೇ ಟಾಪೇ, ಫೇಸ್ ಮಾಡಿದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಅಲ್ಲಿ ಅಪಾಯ ಇಲ್ಲ, ಸುಮ್ನೆ ಗಾಳಿಲಿ ಪ್ಲಂಜ್.

ಹೋಲ್ಡರ್ ಬಗ್ಗೆ ಹೇಳ್ತೀನಿ ಅಂದೆ. ನಿಮ್ಮ ಕಟ್ಟರ್ ಎಷ್ಟು ಹೊರಗಿತ್ತು? 40 ಇದ್ರೆ, 10 ಆಳಕ್ಕೆ ಹೋದಾಗ ಕೋಲೆಟ್ ನಟ್‌ನ (ಹೋಲ್ಡರ್ ತುದಿಲಿ ಟೂಲ್ ಬಿಗಿಯೋ ನಟ್ಟು) ಮುಖ ಪ್ಲೇಟಿಂದ 30 ಮೇಲೆ ಇರತ್ತೆ. ಸ್ಟಡ್ 38. ಇಆರ್32 ನಟ್ ಅಂದ್ರೆ 50 ವ್ಯಾಸ, ಅರ್ಧ 25, ಎಂ12 ಸ್ಟಡ್ದು ಅರ್ಧ 6, ಸ್ಟಡ್ ಸೆಂಟರಿಂದ 31 ಎಂಎಂ ಒಳಗೆ ಸ್ಪಿಂಡಲ್ ಸೆಂಟರ್ ಬಂದ್ರೆ ರಿಟ್ರಾಕ್ಟ್ 200 ಇಟ್ರೂ ಹೊಡಿಯತ್ತೆ, ಯಾಕಂದ್ರೆ ಅದು ಕೆಳಗೆ ಕೆಲಸ ಮಾಡ್ತಿರುವಾಗ ಹೊಡಿಯೋದು. ಮೂರನೇ ಸ್ಲಾಟ್ ಕ್ಲಾಂಪಿಂದ ಎಷ್ಟು ದೂರ ಇದೆ ನೋಡಿದೀರಾ?

ಪೀಣ್ಯ_ಹುಡುಗ

ಅಕ್ಕ (ಅಣ್ಣ ಆಗಿದ್ರೆ ಕ್ಷಮಿಸಿ), ಓದಿ ಎದೆ ಧಸಕ್ ಅಂತು. ಈಗಲೇ ಡ್ರಾಯಿಂಗ್ ತೆಗೆದು ನೋಡ್ದೆ, ಸ್ಲಾಟ್ ಸೆಂಟರಿಂದ ಸ್ಟಡ್‌ಗೆ 40. ಅಂದ್ರೆ 9 ಎಂಎಂ ಅಲ್ಲಿ ಬಚಾವ್ ಆಗ್ತಾ ಇದೀನಿ ಪ್ರತಿ ಪೀಸಲ್ಲೂ, ನನಗೆ ಗೊತ್ತೇ ಇರ್ಲಿಲ್ಲ. ಕಟ್ಟರ್ 40 ಹೊರಗಿದೆ ನಿಜ, ಹೋಲ್ಡರ್ ಲೈಬ್ರರಿಲಿ ಹಾಕೇ ಇಲ್ಲ.

ಝಡ್_ಜೀರೋ

ಅಕ್ಕನೇ 🙂

ಏರ್‌ಕಟ್_ರಾಜ

ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೋತೀರ ಗುರು, ಎಲ್ಲಾದಕ್ಕೂ 150 ಕೊಟ್ಟು ಫೀಡ್ ಹೈಟ್ 2 ಮಾಡಿ ಟೀ ಕುಡಿಯಕ್ಕೆ ಹೋಗಿ. ಅಕ್ಕ ಲೆಕ್ಕ ಹಾಕಿದಾರಲ್ಲ, ರ್‍ಯಾಪಿಡ್ ಪುಕ್ಕಟೆ ಅಂತ.

ಉದ್ಯಮಬಾಗ_ಸೆಟ್ಟರ್

ರಾಜಾ ಅವರ, ನಿಮ್ಮ ಮಾತು ಕೇಳಿ 150 ಕೊಟ್ಟಾವ ಉದ್ದನ್ನ ಟೂಲ್ ಹಾಕಿದ ದಿನಾ ಓವರ್‌ಟ್ರಾವೆಲ್ ಅಲಾರ್ಮ್ ನೋಡ್ಕೊಂತ ನಿಂದ್ರತಾನ. ಝಡ್ ಟ್ರಾವೆಲ್ ಏನ್ ಆಕಾಶದ ತನಕ ಇರತೈತೇನ್ರಿ? ಫಿಕ್ಸ್ಚರ್ ಎತ್ತರ, ಜಾಬ್ ಎತ್ತರ, 150 ಡ್ರಿಲ್ಲು, ಅದರ ಮ್ಯಾಲ ನಿಮ್ಮ 150. ಮಷೀನ್ 500 ನಂಬರ್ ಅಲಾರ್ಮ್ ಕೊಟ್ಟು ನಡುವ ನಿಂದರತೈತಿ, ಅದೂ ಛಲೋನ, ಹೊಡಿಯೋದಕ್ಕಿಂತ.

ನಾ ಬೆಳಗಾವಿ ಉದ್ಯಮಬಾಗದಾಗ ಇಪ್ಪತ್ತೆರಡು ವರ್ಷ ಸೆಟ್ಟಿಂಗ್ ಮಾಡೇನಿ, ಫೌಂಡ್ರಿ ಕಾಸ್ಟಿಂಗ್ ಭಾಳ. ಕ್ಯಾಮ್ ನನಗ ಅಷ್ಟ ಬರೂದಿಲ್ಲ, ಆದ್ರ ಪ್ರೋಗ್ರಾಮ್ ಕೈಗೆ ಬಂದ ಮ್ಯಾಲ ಏನು ನೋಡಬೇಕು ಅನ್ನೂದು ಗೊತ್ತೈತಿ. ಅಕ್ಕಾರು ಹೇಳಿದ್ದು ಖರೇ ಐತಿ, ನಾ ಅದರ ಮುಂದಿಂದು ಹೇಳತೇನಿ.

ತಮ್ಮಾ, ಪ್ರೋಗ್ರಾಮ್ ಬಂದ ಕೂಡಲೆ ಜಿ43 (ಟೂಲ್ ಲೆಂತ್ ಲೆಕ್ಕಕ್ಕ ತಗೊಳ್ಳೋ ಕೋಡ್) ಇರೋ ಸಾಲು ಹುಡುಕು. ಜಿ43 ಹೆಚ್1 ಝಡ್50 ಅಂತ ಇರತೈತಿ, ಹೆಚ್1 ಅಂದ್ರ ಆ ಟೂಲಿನ ಲೆಂತ್ ಬರದಿಟ್ಟ ನಂಬರ್, ಆ 50 ನಿನ್ನ ಕ್ಲಿಯರೆನ್ಸ್ ಹೈಟ. ಸಿಂಗಲ್ ಬ್ಲಾಕ್ ಹಾಕಿ, ರ್‍ಯಾಪಿಡ್ ಕಮ್ಮಿ ಮಾಡಿ, ಬೆರಳು ಫೀಡ್ ಹೋಲ್ಡ್ ಮ್ಯಾಲ ಇಟ್ಟು ಆ ಸಾಲು ಓಡಸು. ಟೂಲ್ ಬಂದು ನಿಂದರತೈತಿ. ಈಗ ಸ್ಪಿಂಡಲ್ ಬಂದ್ ಮಾಡಿ 50ರ ಸ್ಲಿಪ್ ಗೇಜ್ ಇಲ್ಲಾ 50ರ ಪ್ಯಾರಲಲ್ ತಗೊಂಡು ಟೂಲಿನ ತುದಿ ಮತ್ತ ಜಾಬ್ ನಡುವ ತೂರಿಸು. ಸರಿಯಾಗಿ ಕುಂತ್ರ ನಿನ್ನ ಟೂಲ್ ಲೆಂತ್ ಸರಿ ಐತಿ, ಜಿ54 ಝಡ್ (ಜಾಬಿನ ಸೊನ್ನಿ) ಸರಿ ಐತಿ, ಹೆಚ್ ನಂಬರ್ ಸರಿ ಐತಿ, ಮೂರೂ ಒಂದ ಪೆಟ್ಟಿಗೆ ಚೆಕ್ ಆತು. ಅದಕ್ಕ ಕ್ಲಿಯರೆನ್ಸ್ ಯಾವಾಗೂ ದುಂಡನ್ನ ನಂಬರ್ ಕೊಡು, 50 ಇಲ್ಲಾ 100, ಸಾಫ್ಟ್‌ವೇರ್ ತಾನ ಲೆಕ್ಕ ಹಾಕಿ 47.326 ಅಂತ ಕೊಟ್ರ ಆ ಅಳತಿ ಪ್ಯಾರಲಲ್ ನಾ ಎಲ್ಲಿಂದ ತರ್ಲಿ?

ನಮ್ಮಲ್ಲೆ ಒಂದ್ಸಲ ಏನಾತಂದ್ರ ಐದನೇ ಟೂಲ್‌ಗೆ ಆರನೇದರ ಹೆಚ್ ಬಿದ್ದಿತ್ತು. ಆಫ್‌ಸೆಟ್‌ನಾಗ ಇರೋದಕ್ಕಿಂತ ಕೈಯಾಗಿನ ಟೂಲ್ 40 ಉದ್ದ. ಕ್ಲಿಯರೆನ್ಸ್ 50 ಇತ್ತು ಅಂತ ಟೂಲ್ ಬಂದು ಜಾಬಿನ ಮ್ಯಾಲ 10 ಎಂಎಂನಾಗ ನಿಂತಿತು, ಹುಡುಗ ನೋಡಿ ಹಿಡದ. ಪ್ರೋಗ್ರಾಮರ್ ಟೈಮ್ ಉಳಸಾಕ ಅಂತ ಕ್ಲಿಯರೆನ್ಸ್ ಕೂಡ 5 ಇಟ್ಟಿದ್ರ? ನೇರ 35 ಎಂಎಂ ಒಳಗ.

ಎರಡನೇದು, ನೀ ಸ್ಕ್ರೀನ್ ಮ್ಯಾಲ ನೋಡೋ ಹಳದಿ ಗೆರಿ ನೇರ ಐತಿ, ಮಷೀನ್ ನೇರ ಹೋಗತೈತಿ ಅಂತ ತಿಳ್ಕೋಬ್ಯಾಡ. ಫ್ಯಾನಕ್ ಕಂಟ್ರೋಲ್‌ನಾಗ (ಮಷೀನ್ ನಡಸೋ ಕಂಪ್ಯೂಟರ್) ಜಿ0ಗೆ, ಅಂದ್ರ ರ್‍ಯಾಪಿಡ್ ಕೋಡಿಗೆ, ಎಕ್ಸ್ ತನ್ನ ಸ್ಪೀಡಿಗೆ ತಾ ಓಡತೈತಿ, ವೈ ತನ್ನ ಸ್ಪೀಡಿಗೆ ತಾ. ಎಕ್ಸ್ 100 ವೈ 40 ಹೋಗೂದಿತ್ತಂದ್ರ ಮೊದಲ 40-40 ಓರಿ ಹೋಗಿ, ವೈ ಮುಗದ ಮ್ಯಾಲ ಉಳದ 60 ಎಕ್ಸ್ ಒಂದ ಹೋಗತೈತಿ. ನಾಯಿ ಹಿಂಗಾಲಿನಂಗ ಸೊಟ್ಟ. ಸ್ಕ್ರೀನಿನಾಗ ಕ್ಲಾಂಪ್ ತಪ್ಪಿಸಿ ಹೋದಂಗ ಕಾಣೋದು ಮಷೀನ್ ಮ್ಯಾಲ ಕ್ಲಾಂಪಿಗೇ ಹೋಗಬಹುದು. 1401 ಪ್ಯಾರಾಮೀಟರಿನ (ಕಂಟ್ರೋಲಿನ ಒಳಗಿನ ಸೆಟ್ಟಿಂಗ್) ಬಿಟ್ 1 (ಎಣಿಕಿ ಸೊನ್ನಿಯಿಂದ) ಆನ್ ಇದ್ರ ನೇರ ಹೋಗತೈತಿ, ಕೆಲವು ಮಷೀನಿಗೆ ಕಂಪನಿಯಿಂದನ ಆನ್ ಮಾಡಿ ಕೊಟ್ಟಿರತಾರ. ನೀನ ಹೋಗಿ ಬದಲಸಬ್ಯಾಡ ಮತ್ತ, ಸರ್ವಿಸಿನವರನ್ನ ಕೇಳು.

ಡ್ರಿಲ್ಲಿಂಗ್ ಇದ್ರ ಜಿ98, ಜಿ99 ನೋಡು. ಜಿ99 ಅಂದ್ರ ತೂತಿನಿಂದ ತೂತಿಗೆ ಆರ್ ಲೆವೆಲ್ಲಿಗೇ (ಡ್ರಿಲ್ ಫೀಡ್ ಶುರು ಆಗೋ ಎತ್ತರ) ಹೋಗತೈತಿ, ಜಿ98 ಅಂದ್ರ ಸೈಕಲ್ ಕರಿಯೂಕ್ಕಿಂತ ಮೊದಲ ಟೂಲ್ ಎಲ್ಲಿತ್ತೋ ಆ ಇನಿಷಿಯಲ್ ಲೆವೆಲ್ಲಿಗೆ ಏರತೈತಿ. ನಡುವ ಬಾಸ್ (ಎದ್ದ ಉಬ್ಬು) ಇದ್ದ ಕಾಸ್ಟಿಂಗಿಗೆ ಜಿ99 ಹಾಕಿ ಡ್ರಿಲ್ ಕಳಕೊಂಡಾವ್ರು ನಮ್ಮ ಓಣ್ಯಾಗ ಮನಿಗೊಬ್ಬ ಅದಾರ.

ಕಡೀಕ ಒಂದು, ಯಾರೂ ಕೇಳಲಿಲ್ಲ ನಾ ಕೇಳತೇನಿ: 25 ದಪ್ಪದ ಪ್ಲೇಟಿಗೆ 38 ಮ್ಯಾಲ ಬರೂವಷ್ಟು ಉದ್ದ ಸ್ಟಡ್ ಯಾಕ ಹಾಕಿದಿ? ಸ್ಟ್ರಾಪ್ 16, ವಾಷರ್ 3, ನಟ್ 10, ಅಲ್ಲಿಗೆ 29. ಮ್ಯಾಲಿನ 9 ಎಂಎಂ ಏನ್ ಗುಡಿ ಕಳಸೇನು? ಸಣ್ಣ ಸ್ಟಡ್ ಹುಡುಕು.

ಝಡ್_ಜೀರೋ

ಅಣ್ಣ ಹೇಳಿದ ಆ ಸೊಟ್ಟ ರ್‍ಯಾಪಿಡ್‌ಗೆ ಇನ್ನೊಂದು ಸೇರಿಸ್ತೀನಿ. ಫ್ಯೂಷನ್‌ನ 3ಡಿ ಆಪರೇಷನ್‌ಗಳಲ್ಲಿ ಲಿಂಕಿಂಗ್ ಟ್ಯಾಬಲ್ಲಿ ರಿಟ್ರಾಕ್ಷನ್ ಪಾಲಿಸಿ ಅಂತ ಇದೆ, ಅದರಲ್ಲಿ ಶಾರ್ಟೆಸ್ಟ್ ಪಾತ್ ಅಂತ ಆರಿಸಿದ್ರೆ ಟೂಲ್ ಓರೆಯಾಗಿ ಕಡಿಮೆ ದೂರದಲ್ಲಿ ಹಾರತ್ತೆ. ಜಿ0 ನೇರ ಗೆರೇಲಿ ಹೋಗದ ಮಷೀನ್‌ಗೆ ಅದನ್ನ ಬಳಸಬೇಡಿ ಅಂತ ಮೌಸ್ ಇಟ್ರೆ ಬರೋ ವಿವರಣೆಲೇ ಬರೆದಿದಾರೆ, ಯಾರೂ ಓದಲ್ಲ. ಮಿನಿಮಮ್ ರಿಟ್ರಾಕ್ಷನ್ ಕೂಡ ಜಾಬ್‌ಗೆ ತಾಗದಷ್ಟು ಮಾತ್ರ ಎತ್ತತ್ತೆ, ಮಾಡೆಲ್ ಮಾಡದ ಕ್ಲಾಂಪ್ ಅದಕ್ಕೆ ಇಲ್ಲದ ಹಾಗೆ. ಟೇಬಲ್ ಮೇಲೆ ಕ್ಲಾಂಪ್ ಹಾಕೋ ಜಾಬ್ ಆದ್ರೆ ಫುಲ್ ರಿಟ್ರಾಕ್ಷನ್ ಇಟ್ಬಿಡಿ. ವೈಸಲ್ಲಿ ಹಿಡ್ದಿದ್ರೆ, ಜಾ ಎಲ್ಲ ಜಾಬ್ ಟಾಪಿಗಿಂತ ಕೆಳಗಿದ್ರೆ, ಆಗ ಬೇಕಾದ್ರೆ ಆಟ ಆಡಿ.

ಡ್ರಿಲ್ಲಿಂಗ್ ಅಂದ್ರಲ್ಲ, ಅಲ್ಲೂ ಅದೇ ಲೆಕ್ಕ. 96 ಹೋಲು, ಫೀಡ್ 200 ಇದ್ರೆ, ಆರ್ ಲೆವೆಲ್ 2ರ ಬದಲು 10 ಕೊಟ್ರೆ ಹೋಲ್‌ಗೆ 2.4 ಸೆಕೆಂಡ್ ವೇಸ್ಟು, ಒಟ್ಟು 3 ನಿಮಿಷ 50 ಸೆಕೆಂಡು. ಅದೇ ಜಿ99 ಬದಲು ಜಿ98 ಹಾಕಿ 2ರಿಂದ 50ಕ್ಕೆ ಎದ್ದು ಇಳಿದ್ರೆ ಒಟ್ಟು ಅರ್ಧ ನಿಮಿಷದ ಆಚೀಚೆ. ಜನ ಜಿ99 ಹಾಕಿ ಜಾಣರಾಗ್ತಾರೆ, ಆರ್ 10 ಬಿಟ್ಟು ದಡ್ಡರಾಗ್ತಾರೆ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ಜರ್ಮನಿಲಿ ನಾನಿರೋ ಕಡೆ ಬಹುಪಾಲು ಹೈಡನ್‌ಹೈನ್ ಕಂಟ್ರೋಲು, ಹೆಸರುಗಳು ಬೇರೆ ಆದ್ರೆ ವಿಷಯ ಅದೇ. ಡ್ರಿಲ್ಲಿಂಗ್ ಸೈಕಲ್ 200ರಲ್ಲಿ ಕ್ಯೂ203 ಮೇಲ್ಮೈ ಎಲ್ಲಿದೆ ಅನ್ನೋದು, ಕ್ಯೂ200 ಮೇಲ್ಮೈಯಿಂದ ಟೂಲ್ ತುದಿಗೆ ಬಿಡೋ ಸಣ್ಣ ಗ್ಯಾಪು, ಕ್ಯೂ204 ಎರಡನೇ ಸೇಫ್ಟಿ ಗ್ಯಾಪು. ನನಗೆ ಇಷ್ಟ ಆಗಿದ್ದು ಏನಂದ್ರೆ ಮ್ಯಾನ್ಯುಯಲ್‌ನಲ್ಲಿ ಈ ಕ್ಯೂ204 ಅಂದ್ರೆ ಟೂಲಿಗೂ ಜಾಬಿಗೂ, ಜಾಬನ್ನ ಹಿಡ್ದಿರೋ ಕ್ಲಾಂಪಿಗೂ ಡಿಕ್ಕಿ ಆಗದ ಎತ್ತರ ಅಂತಲೇ ಅರ್ಥ ಕೊಟ್ಟಿದಾರೆ, ಕ್ಲಾಂಪ್ ಅನ್ನೋದು ಆ ವಿವರಣೆ ಒಳಗೇ ಇದೆ. ನಾವು ಕ್ಯಾಮ್‌ನಲ್ಲಿ ರಿಟ್ರಾಕ್ಟ್ ಅಂತ ಓದಿದಾಗ ಎಲ್ಲಿಂದ ಏಳ್ತಿದೆ ಅನ್ನೋದಷ್ಟೇ ತಲೇಲಿ ಬರತ್ತೆ, ಯಾವುದನ್ನ ದಾಟ್ಬೇಕು ಅನ್ನೋದು ಬರಲ್ಲ.

ನಾನು ಬೆಂಗಳೂರಲ್ಲಿದ್ದಾಗ ಮಾಸ್ಟರ್‌ಕ್ಯಾಮ್ (ಇನ್ನೊಂದು ಕ್ಯಾಮ್ ಸಾಫ್ಟ್‌ವೇರ್) ಮಾಡ್ತಿದ್ದೆ, ಅಲ್ಲಿ ಅಬ್ಸಲ್ಯೂಟ್ (ಝಡ್ ಜೀರೋಯಿಂದ ಅಳೆಯೋದು) ಇನ್‌ಕ್ರಿಮೆಂಟಲ್ (ಸೆಲೆಕ್ಟ್ ಮಾಡಿದ ಜಾಗದಿಂದ ಅಳೆಯೋದು) ಅನ್ನೋ ಎರಡು ಬಟನ್ ಹತ್ರ ಹುಡುಗರು ಎಡವೋರು. ನನ್ನ ರೂಲು ಆಗ್ಲೂ ಈಗ್ಲೂ ಒಂದೇ, ಕ್ಲಿಯರೆನ್ಸ್ ರಿಟ್ರಾಕ್ಟ್ ಎರಡೂ ಅಬ್ಸಲ್ಯೂಟ್, ಫೀಡ್ ಪ್ಲೇನ್ ಮಾತ್ರ ಇನ್‌ಕ್ರಿಮೆಂಟಲ್. ಕ್ಲಾಂಪ್ ನಿಂತಿರೋದು ಟೇಬಲ್ ಮೇಲೆ, ಅದು ಯಾವ ಪಾಕೆಟ್ ಸೆಲೆಕ್ಟ್ ಮಾಡಿದ್ರೂ ಎತ್ತರ ಬದಲಾಯಿಸಲ್ಲ. ಮೆಟ್ಟಿಲು ಮೆಟ್ಟಿಲಾಗಿರೋ ಜಾಬಲ್ಲಿ ಫೀಡ್ ಪ್ಲೇನ್ ಮಾತ್ರ ಆಯಾ ಮೆಟ್ಟಿಲಿಂದ ಅಳೀಬೇಕು, ಇಲ್ಲಾಂದ್ರೆ 40 ಎಂಎಂ ಕೆಳಗಿರೋ ಮೆಟ್ಟಿಲಿಗೆ ಮೇಲಿಂದಲೇ ಪ್ಲಂಜ್ ಫೀಡಲ್ಲಿ ಇಳಿಯತ್ತೆ ನೀವು ಊಟ ಮುಗಿಸಿ ಬರ್ಬಹುದು.

ಮೈಸೂರು_ಮರಗೆಲಸ

ನಂದು ಕಬ್ಬಿಣ ಅಲ್ಲ ಮರ, ಆದ್ರೂ ಬರೀತೀನಿ ಯಾರಿಗಾದ್ರೂ ಉಪಯೋಗ ಆಗ್ಬಹುದು. ಮನೆ ಮಹಡಿ ಮೇಲೆ ಸಣ್ಣ ರೌಟರ್ (ಮರ ಕೆತ್ತೋ ಮಷೀನ್) ಇದೆ, ಕಂಟ್ರೋಲಿಗೆ ಜಿಆರ್‌ಬಿಎಲ್ ಬೋರ್ಡು, ನೇಮ್ ಪ್ಲೇಟು ದೇವರ ಮನೆ ಬಾಗಿಲು ಡಿಸೈನು ಇಂಥದ್ದು ಮಾಡ್ತೀನಿ. ನಮ್ಮಂಥವರಿಗೆ ಝಡ್ ಟ್ರಾವೆಲ್ ಇರೋದೇ 70 80 ಎಂಎಂ, ಅದರಲ್ಲಿ ಹಲಗೆ ದಪ್ಪ, ಬಿಟ್ ಉದ್ದ ಕಳೆದ್ರೆ ಉಳಿಯೋದು ಏನೂ ಇಲ್ಲ. ಮೊದಲ ದಿನ ಇಂಥದೇ ಒಂದು ಚರ್ಚೆ ಓದಿ ಕ್ಲಿಯರೆನ್ಸ್ 50 ಕೊಟ್ಟು ಅಲಾರ್ಮ್ 2 ತಿಂದೆ, ಸಾಫ್ಟ್ ಲಿಮಿಟ್ ದಾಟ್ತಿದೆ ಅಂತ. ಈಗ 12 ಕೊಡ್ತೀನಿ, ಅದಕ್ಕೆ ತಕ್ಕ ಹಾಗೆ ಕ್ಲಾಂಪ್ ಬದಲಾಯಿಸಿದೀನಿ, ಹಲಗೆ ಪಕ್ಕದಿಂದ ಒತ್ತೋ ಮರದ ಬೆಣೆ, ಮೇಲೆ ಏನೂ ಬರಲ್ಲ. ಬಿಟ್‌ಗೆ ಸಿಕ್ಕಿದ್ರೂ ಮರಾನೇ ಹೋಗೋದು.

ಇನ್ನೊಂದು, ಫ್ಯೂಷನ್ ಫ್ರೀ ಪರ್ಸನಲ್ ಲೈಸೆನ್ಸ್ ಇಟ್ಕೊಂಡೋರು ಅಕ್ಕನ ಲೆಕ್ಕ ಹಾಗೇ ತಗೋಬೇಡಿ. 2020ರ ಕೊನೆಯಿಂದ ಅದರಲ್ಲಿ ಪೋಸ್ಟ್ ಮಾಡಿದ (ಮಷೀನ್ ಕೋಡಾಗಿ ತೆಗೆದ) ಪ್ರೋಗ್ರಾಮಿಗೆ ಜಿ0 ಬರಲ್ಲ, ರ್‍ಯಾಪಿಡ್ ಎಲ್ಲ ಫೀಡ್ ಸ್ಪೀಡಲ್ಲೇ ಹೋಗತ್ತೆ. ಅಂದ್ರೆ ರಿಟ್ರಾಕ್ಟ್ ಪುಕ್ಕಟೆ ಅಲ್ಲ, ಒಂದೊಂದು ಎಂಎಂಗೂ ಟೈಮ್ ಹೋಗತ್ತೆ. ಅಕ್ಷರ ಕೆತ್ತೋ ಕೆಲಸದಲ್ಲಿ ಒತ್ತಕ್ಷರ, ಸೊನ್ನೆ, ದೀರ್ಘ ಅಂತ ಬಿಟ್ ನೂರಾರು ಸಲ ಎದ್ದು ಕೂರತ್ತೆ, ಕನ್ನಡ ಅಕ್ಷರ ಕೆತ್ತೋರಿಗೆ ಅದು ಇಂಗ್ಲಿಷಿಗಿಂತ ಜಾಸ್ತಿ. ನಾನು ರಿಟ್ರಾಕ್ಟ್ 3, ಫೀಡ್ ಹೈಟ್ 1 ಇಡ್ತಿದ್ದೆ. ಒಂದು ಬೀಟೆ ಹಲಗೆ ಮಳೆಗಾಲದಲ್ಲಿ ಬಾಗಿ ಮೂಲೆ 4 ಎಂಎಂ ಎದ್ದಿತ್ತು, ನಾನು ಝಡ್ ತಗೊಂಡಿದ್ದು ಮಧ್ಯದಲ್ಲಿ. ಅರ್ಧ ಹೆಸರು ಕೆತ್ತಿ ಮೂಲೆ ಕಡೆ ಹೋಗುವಾಗ ವಿ ಬಿಟ್ ಹಲಗೆ ಮೇಲೆ ಒಂದು ಉದ್ದ ಗೀರು ಎಳ್ಕೊಂಡು ಹೋಯ್ತು, ಹೆಸರಿನ ಅಡಿಗೆ ಅಂಡರ್‌ಲೈನ್ ಮಾಡ್ದಂಗೆ. ಗಿರಾಕಿ ಡಿಸೈನ್ ಅಂದ್ಕೊಂಡು ಚೆನ್ನಾಗಿದೆ ಅಂದ್ರು, ನಾನು ಸುಮ್ನಿದ್ದೆ. ಈಗ ನಾಲ್ಕು ಮೂಲೇಲೂ ಬಿಟ್ ತಾಗಿಸಿ ನೋಡಿ ಅತೀ ಎತ್ತರದ ಮೂಲೆಗಿಂತ 2 ಮೇಲೆ ಇಡ್ತೀನಿ.

ಏರ್‌ಕಟ್_ರಾಜ

ಬೀಟೆ ಮರದ ಮೇಲೆ ಫ್ರೀ ಅಂಡರ್‌ಲೈನ್ 😂 ಸರಿ ಸರಿ, 150 ವಾಪಸ್ ತಗೊಂಡೆ. ಆದ್ರೆ ಒಂದು ಡೌಟು ನನಗೂ, ರಿಟ್ರಾಕ್ಟ್‌ನ ಕ್ಲಾಂಪಿಗಿಂತ ಮೇಲೆ ಇಡೋ ಬದಲು ಆಪರೇಷನ್ನೇ ಎರಡು ಭಾಗ ಮಾಡಿದ್ರೆ ಆಗಲ್ವಾ, ಕ್ಲಾಂಪಿನ ಆ ಕಡೆ ಸ್ಲಾಟ್ ಒಂದು, ಈ ಕಡೆದು ಒಂದು?

ಝಡ್_ಜೀರೋ

ಆಗತ್ತೆ, ಒಳ್ಳೇ ಪ್ರಶ್ನೆ. ಎಡಗಡೆ ಸ್ಲಾಟ್ ಒಂದು ಆಪರೇಷನ್, ಬಲಗಡೆ ಒಂದು, ಎರಡಕ್ಕೂ ರಿಟ್ರಾಕ್ಟ್ 5, ನಡುವೆ ದಾಟೋವಾಗ ತಾನಾಗೇ ಕ್ಲಿಯರೆನ್ಸ್ 50ಕ್ಕೆ ಏಳತ್ತೆ. ಸಾವಿರ ಪೀಸ್ ಆರ್ಡರ್ ಆಗಿದ್ರೆ ನಾನೂ ಹಾಗೇ ಮಾಡ್ತೀನಿ. 80 ಪೀಸ್‌ಗೆ ಮಾಡಲ್ಲ, ಯಾಕಂದ್ರೆ ನಾಳೆ ರಾತ್ರಿ ಶಿಫ್ಟಿನವನು ಟೀ-ಸ್ಲಾಟ್ ಬೇರೆ ಸಿಕ್ತು ಅಂತ ಕ್ಲಾಂಪನ್ನ 50 ಎಂಎಂ ಆಚೆ ಹಾಕ್ತಾನೆ, ಪ್ರೋಗ್ರಾಮ್‌ಗೆ ಅದು ಗೊತ್ತಾಗಲ್ಲ. ಎತ್ತರದಲ್ಲಿ ಕ್ಲಾಂಪ್ ದಾಟಿದ್ರೆ ಅವನು ಎಲ್ಲಿ ಹಾಕಿದ್ರೂ ದಾಟೋವಾಗ ಹೊಡಿಯಲ್ಲ. ಸೆಟಪ್ ಶೀಟಲ್ಲಿ ಕ್ಲಾಂಪ್ ಜಾಗ ಮತ್ತೆ ಗರಿಷ್ಠ ಎತ್ತರ ಬರೆದು ಅಂಟಿಸಿ, ಓದ್ತಾರೋ ಬಿಡ್ತಾರೋ.

ಪೀಣ್ಯ_ಹುಡುಗ

ಎರಡು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ. ಕ್ಲಾಂಪ್ ಮಾಡೆಲ್ ಮಾಡ್ದೆ ಡಬ್ಬ ತರ, ಹೋಲ್ಡರ್ ಹಾಕ್ದೆ, ಹಳೇ ಪ್ರೋಗ್ರಾಮ್ ಸಿಮ್ಯುಲೇಟ್ ಮಾಡಿ ನೋಡ್ದೆ. ಅಕ್ಕ ಹೇಳಿದ ಜಾಗದಲ್ಲೇ ಕೆಂಪು, ಮೂರರಿಂದ ನಾಲ್ಕಕ್ಕೆ ಹೋಗೋವಾಗ ಒಂದು, ಆ ಕಡೆ ಅಂಚಲ್ಲಿ ಇನ್ನೊಂದು. ಎರಡನೇದು ನನಗೆ ಗೊತ್ತೇ ಇರ್ಲಿಲ್ಲ ಯಾಕಂದ್ರೆ ಅಲ್ಲಿವರೆಗೆ ಕಟ್ಟರ್ ಉಳಿದಿರ್ಲಿಲ್ಲ.

ಸೆಟ್ಟರ್ ಅಣ್ಣ ಬೈದ್ರು ಅಂತ ಸ್ಟಡ್ ಡಬ್ಬ ಪೂರ್ತಿ ಸುರಿದು ಹುಡುಕ್ದೆ, ಸಣ್ಣದು ಸಿಕ್ತು, ಈಗ ತುದಿ 31ರಲ್ಲಿದೆ. ಕಟ್ಟರ್ 42 ಹೊರಗಿಟ್ಟೆ, ಅಲ್ಲಿಗೆ 10 ಆಳದಲ್ಲೂ ಕೋಲೆಟ್ ನಟ್ 32ರಲ್ಲಿ, ಸ್ಟಡ್‌ಗಿಂತ ಒಂದು ಎಂಎಂ ಮೇಲೆ, ಪಕ್ಕಕ್ಕೆ 9 ಹೇಗೂ ಇದೆ. ಕ್ಲಿಯರೆನ್ಸ್ 50 ಆರಿಜಿನ್‌ನಿಂದ, ರಿಟ್ರಾಕ್ಟ್ 36 ಅದೂ ಆರಿಜಿನ್‌ನಿಂದ, ಫೀಡ್ ಹೈಟ್ 2. ಫಸ್ಟ್ ಪೀಸಿಗೆ ಜಿ43 ಸಾಲಲ್ಲಿ ನಿಲ್ಸಿ 50ರ ಪ್ಯಾರಲಲ್ ತೂರಿಸ್ದೆ, ಬೆಣ್ಣೆ ತರ ಕೂತ್ಕೊಳ್ತು. ಓನರ್ ಬಂದು ಸ್ಟಾಪ್‌ವಾಚ್ ಒತ್ತಿದ್ರು, 10 ನಿಮಿಷ 45 ಸೆಕೆಂಡು. ಮೊದಲಿನ 11ಕ್ಕಿಂತಾನೂ ಕಡಿಮೆ. ಏನೂ ಮಾತಾಡ್ಲಿಲ್ಲ, "ಮುರಿದ ಕಟ್ಟರ್ ಎಲ್ಲಿಟ್ಟಿದೀಯ" ಅಂತ ಕೇಳಿ ತಗೊಂಡು ಹೋಗಿ ಅವರ ಟೇಬಲ್ ಮೇಲೆ ಪೆನ್ ಸ್ಟ್ಯಾಂಡ್‌ನಲ್ಲಿ ಇಟ್ಕೊಂಡಿದಾರೆ.

1401 ನೋಡ್ದೆ, ಬಿಟ್ ಸೊನ್ನೆ ಇದೆ. ಮುಟ್ಟಿಲ್ಲ.

ಉದ್ಯಮಬಾಗ_ಸೆಟ್ಟರ್

ಛಲೋ ಆತು ತಮ್ಮಾ. ಮುಟ್ಟಬ್ಯಾಡ. ಬಗ್ಗಿದ ಸ್ಟಡ್ ಡಬ್ಬ್ಯಾಗ ವಾಪಸ್ ಹಾಕಿಲ್ಲ ಹೌದಿಲ್ಲೋ? ಮತ್ತ ಯಾರರ ಅದನ್ನ ಹಾಕ್ಕೊಂತಾರ.

ಪೀಣ್ಯ_ಹುಡುಗ

ಅಯ್ಯೋ. ಈಗ ಹೋಗಿ ತೆಗೀತೀನಿ ಅಣ್ಣ.